ಜೋಡಿ ಜಾಲಿ ದಾಟಿದ ಬಕ

ಬೂದು ಬಕ ಒಂದು ಕಾಲನ್ನು ನೀರಿನಿಂದ ಎತ್ತಿ, ಬೆರಳು ಮಡಚಿ, ಮತ್ತೆ ನೀರಿಗಿಳಿಸುವಷ್ಟರಲ್ಲಿ ನಾನು ಹನ್ನೊಂದರವರೆಗೆ ಎಣಿಸಬಹುದಾಗಿತ್ತು. ಎತ್ತಿದ ಕಾಲಿನಿಂದ ಬೀಳುವ ಹನಿಗಳನ್ನು ಬಿಟ್ಟರೆ ಅದರ ಮೈಯಲ್ಲಿ ಬೇರೇನೂ ಅಲುಗುತ್ತಿರಲಿಲ್ಲ. ನಾನು ಏರಿಯ ಮೇಲೆ ಕೂತು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.

ಆಗ ನನಗೆ ಹತ್ತು ವರ್ಷ. ಮನೆಗೊಂದೇ ಮೊಬೈಲು, ಅದನ್ನೂ ಕಿಟಕಿಯ ಸರಳಿಗೆ ಒರಗಿಸಿಟ್ಟರೆ ಮಾತ್ರ ಆ ಕಡೆಯವರ ಮಾತು ಕೇಳಿಸುತ್ತಿದ್ದ ಕಾಲ. ಅಮ್ಮ ಎರಡನೇ ಹೆರಿಗೆಗೆಂದು ಉಬ್ರಾಣಿ ಕಡೆಯ ತವರಿಗೆ ಬಂದಿದ್ದಳು. ಜಗಳೂರಿನಲ್ಲಿ ಅಪ್ಪನೊಬ್ಬರೇ ನನ್ನನ್ನು ನೋಡಿಕೊಳ್ಳಲಾರರೆಂದು ನನ್ನನ್ನೂ ಕರೆದುಕೊಂಡು ಬಂದಿದ್ದಳು. ಪರೀಕ್ಷೆಯ ಹೊತ್ತಿಗೆ ಬಂದರೆ ಸಾಕು ಎಂದು ಮೇಷ್ಟ್ರು ಒಪ್ಪಿದ್ದರು. ಹೀಗೆ ಶಿವರಾತ್ರಿಯಿಂದ ಯುಗಾದಿ ಕಳೆಯುವವರೆಗೆ ನನಗೆ ಶಾಲೆಯೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಅಮ್ಮ ಬಾಣಂತಿ ಕೋಣೆಯಲ್ಲಿ ತಮ್ಮನ ಜೊತೆ, ಬೆಳ್ಳುಳ್ಳಿ ಮತ್ತು ಸಾಂಬ್ರಾಣಿಯ ಹೊಗೆಯ ಒಳಗೆ ಇದ್ದಳು. ನಾನು ಬಾಗಿಲಲ್ಲಿ ನಿಂತು ಅಂಟಿನುಂಡೆ ಇಸಿದುಕೊಂಡು ಹೊರಗೆ ಓಡುತ್ತಿದ್ದೆ.

ಜಗಳೂರಿನಲ್ಲಿ ನಾನು ಕಂಡಿದ್ದ ನೀರೆಂದರೆ ಕೊಡದ್ದು, ಟ್ಯಾಂಕರಿನದು. ಅಜ್ಜನ ಊರಿನ ಕೆರೆಯನ್ನು ಮೊದಲು ಕಂಡಾಗ ಅಷ್ಟೊಂದು ನೀರು ಯಾರ ಕಾವಲೂ ಇಲ್ಲದೆ ಬಿದ್ದಿದೆಯಲ್ಲ ಎಂದು ಆಶ್ಚರ್ಯವಾಗಿತ್ತು. ಕಾವಲಿತ್ತು. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಆ ಊರಿನ ನೀರಗಂಟಿ. ಕೆರೆಯ ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಅವರ ಕೆಲಸ. ಅವರ ಅಪ್ಪ, ಅವರ ಅಜ್ಜ ಮಾಡುತ್ತಿದ್ದದ್ದೂ ಅದನ್ನೇ. ತೂಬು ಎತ್ತುವ ಕಬ್ಬಿಣದ ಸಲಾಕೆ ನಮ್ಮ ಮನೆಯ ತಲೆಬಾಗಿಲ ಹಿಂದೆ ಒರಗಿರುತ್ತಿತ್ತು. ಹಿಡಿಯುವ ಕಡೆ ಮೂರು ತಲೆಮಾರಿನ ಅಂಗೈಗೆ ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು.

ಆ ಕೆರೆಗೆ ಒಂದು ಕಟ್ಟಳೆಯಿತ್ತು. ಬೇಸಿಗೆಯಲ್ಲಿ ಆಚೆ ದಡದಿಂದ ನೀರು ಸರಿಯುತ್ತಾ ಏರಿಯ ಕಡೆಗೆ ಬರುತ್ತದೆ. ಕೆರೆಯಂಗಳದಲ್ಲಿ ಅಲ್ಲಲ್ಲಿ ಜಾಲಿ ಮರಗಳಿದ್ದವು. ನಡುವೆ ಒಂದೇ ಬುಡದಿಂದ ಎರಡಾಗಿ ಎದ್ದದ್ದು ಜೋಡಿ ಜಾಲಿ. ಬೂದು ಬಕ ತನ್ನ ಮೊಣಕಾಲು ಮುಳುಗುವಷ್ಟು ನೀರಿದ್ದ ಕಡೆಯೇ ಬೆಳಗಿನ ಬೇಟೆಗೆ ನಿಲ್ಲುತ್ತದೆ. ನೀರು ಹಿಂದೆ ಸರಿದಂತೆ ಅದೂ ಮರದಿಂದ ಮರಕ್ಕೆ ಏರಿಯತ್ತ ಬರುತ್ತದೆ. ಅದು ಜೋಡಿ ಜಾಲಿಯ ಆಚೆಗಿದ್ದರೆ ಗದ್ದೆಗೆ ನೀರು ಬಿಡಬಹುದು. ಜೋಡಿ ಜಾಲಿ ದಾಟಿ ಈಚೆಗೆ ಬಂದ ಬೆಳಿಗ್ಗೆಯೇ ತೂಬು ಮುಚ್ಚಬೇಕು. ಆಮೇಲೆ ಎಂಥವರು ಬಂದು ಕೇಳಿದರೂ ಎತ್ತಬಾರದು. ಉಳಿದದ್ದು ದನಕರುಗಳದು, ಮೀನಿನದು, ಹಕ್ಕಿಗಳದು.

ಅಜ್ಜ ಬೆಳಗಿನ ಜಾವ ಗುದ್ದಲಿ ಹಿಡಿದು ನೇರ ಗದ್ದೆಗೆ ಹೋಗುತ್ತಿದ್ದರು. ಏರಿ ಹತ್ತಿ ಬಕ ಎಲ್ಲಿದೆ ಎಂದು ನೋಡಿ ಬರುವ ಕೆಲಸ ನನ್ನದು. ನಾನು ಓಡಿ ಬಂದ ಸದ್ದಿಗೆ ಅವರು ಬದುವಿನ ಮೇಲೆ ನಿಂತು, “ಎಲ್ಲಿ ನಿಂತೈತವ್ವಾ?” ಎನ್ನುತ್ತಿದ್ದರು. “ಮೂರನೇ ಜಾಲಿ ಹತ್ರ ಅಜ್ಜ, ನೆರಳು ಬಿದ್ದಿದ್ದ ಕಡೆ” ಎಂದರೆ ತಲೆಯಾಡಿಸುತ್ತಿದ್ದರು. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಕೆರೆಯ ಚಿತ್ರ ಬರೆದು, ಬಕ ನಿಂತ ಜಾಗಕ್ಕೆ ದಿನವೂ ಒಂದು ಚುಕ್ಕೆ ಇಡುತ್ತಿದ್ದೆ. ಬೆಳ್ಳಕ್ಕಿ ಎಷ್ಟು, ಮಣ್ಣಿನ ಬಣ್ಣದ ಕೊಳದ ಬಕ ಎಷ್ಟು ಎಂದು ಕೆಳಗೆ ಬರೆಯುತ್ತಿದ್ದೆ. ಕೊಳದ ಬಕಗಳ ಬೆನ್ನು ಆಗತಾನೇ ಕೆಂಪಡರಲು ತೊಡಗಿತ್ತು. ಅದನ್ನು ನಾನು ಹೊಸ ಹಕ್ಕಿಯೆಂದು ತಿಳಿದಾಗ ಅಜ್ಜ ನಕ್ಕು, ಅದೇ ಹಕ್ಕಿ, ಮದುವೆ ಕಾಲ ಬಂತೆಂದು ಸೀರೆ ಬದಲಾಯಿಸಿದೆ ಎಂದಿದ್ದರು.

ಇದೆಲ್ಲ ಅಜ್ಜ ನನಗೆ ಕಲಿಸುತ್ತಿರುವ ಆಟವೆಂದೇ ನಾನು ಬಹಳ ದಿನ ನಂಬಿದ್ದೆ.

ಮಧ್ಯಾಹ್ನ ಜಗಲಿಯಲ್ಲಿ ಹುಣಸೆಬೀಜ ಹಾಕಿ ಅಳಿಗುಳಿಮಣೆ ಆಡುತ್ತಿದ್ದೆವು. ಅಜ್ಜ ಮಣೆಯತ್ತ ನೋಡುತ್ತಲೇ ಇರಲಿಲ್ಲ. ಬೆರಳ ತುದಿ ಗುಳಿಗಳ ಮೇಲೆ ಸರಿದಾಡುತ್ತಿತ್ತು. ಆದರೂ ಪ್ರತಿಸಲ ಗೆಲ್ಲುತ್ತಿದ್ದರು. ಅಜ್ಜಿ ಮಜ್ಜಿಗೆಯ ಲೋಟ ಇಟ್ಟಾಗ ಅದು ಅವರ ಕೈ ತಾಗಿ ಉರುಳುವುದಿತ್ತು. “ಊರಿನ ನೀರೆಲ್ಲ ಕಾಣ್ತೈತೆ ಇವರಿಗೆ, ಮುಂದೆ ಇಟ್ಟ ಲೋಟ ಕಾಣಲ್ಲ” ಎಂದು ಅಜ್ಜಿ ಗೊಣಗುತ್ತಾ ಒರೆಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಜ್ಜಿ ಮಾತ್ರ ನಗುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ. ಅಜ್ಜನ ಚಪ್ಪಲಿಯನ್ನು ದಿನವೂ ಅದೇ ಕಲ್ಲಿನ ಪಕ್ಕಕ್ಕೆ, ಅದೇ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದವಳೂ ಅವಳೇ.

ಒಂದು ಸಂಜೆ ಅಜ್ಜ ನನ್ನ ಜೊತೆ ಏರಿಗೆ ಬಂದರು. ಅದಕ್ಕೆ ಒಂದೆರಡು ದಿನ ಮೊದಲು ಬಿರುಗಾಳಿ ಬೀಸಿತ್ತು. ಯಾರದೋ ಹೊಲದ ಗೊಬ್ಬರದ ಬಿಳಿ ಚೀಲ ಹಾರಿಬಂದು ಜೋಡಿ ಜಾಲಿಯ ಕೊಂಬೆಯಲ್ಲಿ ಸಿಕ್ಕಿಕೊಂಡಿತ್ತು. ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ಅತ್ತ ಬಹಳ ಹೊತ್ತು ನೋಡಿದರು. ಆಮೇಲೆ, “ಜೋಡಿ ಜಾಲಿ ಮ್ಯಾಲೆ ಬೆಳ್ಳಕ್ಕಿ ಕುಂತೈತೆ ನೋಡು” ಎಂದರು. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ತಾವೇ ಒಂದು ಹಕ್ಕಿಯನ್ನು ಕಂಡು ಎಷ್ಟೋ ಕಾಲವಾಗಿತ್ತೆಂದು ಆ ಹತ್ತು ವರ್ಷದ ನನಗೂ ತಿಳಿಯಿತು. ಮಣೆ, ಲೋಟ, ಚಪ್ಪಲಿ, ದಿನವೂ ಕೇಳುವ ಪ್ರಶ್ನೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾದವು.

“ಹೂಂ ಅಜ್ಜ, ಬೆಳ್ಳಕ್ಕಿ” ಎಂದೆ.

ಅಂದಿನಿಂದ ಅವರು ನಡುವೆ ಒಮ್ಮೊಮ್ಮೆ, ಆ ಬೆಳ್ಳಕ್ಕಿ ಇವತ್ತೂ ಬಂದಿತ್ತೇ ಎಂದು ಕೇಳುತ್ತಿದ್ದರು. ಬಂದಿತ್ತು ಎನ್ನುತ್ತಿದ್ದೆ. ಈ ವಿಷಯ ನಾನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ನೀರಗಂಟಿಗೆ ಕಣ್ಣಿಲ್ಲವೆಂದು ಊರಿಗೆ ತಿಳಿದರೆ ಬಾಗಿಲ ಹಿಂದಿನ ಸಲಾಕೆ ಬೇರೆ ಮನೆಗೆ ಹೋಗುತ್ತದೆ ಎಂದು ಯಾರೂ ಹೇಳದೆಯೇ ನನಗೆ ಗೊತ್ತಾಗಿತ್ತು. ಅಜ್ಜನಿಗೆ ಬೇರೆ ಕೆಲಸವಿರಲಿಲ್ಲ. ಬೇರೆ ಹೆಸರೂ ಇರಲಿಲ್ಲ; ಊರೆಲ್ಲ ಅವರನ್ನು ನೀರಗಂಟಿ ಬಸಪ್ಪಣ್ಣ ಎಂದೇ ಕರೆಯುತ್ತಿತ್ತು.

ಹೊಂಗೆ ಹೂ ಬಿಡುವ ಹೊತ್ತಿಗೆ ಬಕ ಜೋಡಿ ಜಾಲಿಗೆ ಹತ್ತು ಹೆಜ್ಜೆ ಆಚೆಗೆ ಬಂದು ನಿಂತಿತು. ಗದ್ದೆಗಳಲ್ಲಿ ಬೇಸಿಗೆ ಭತ್ತಕ್ಕೆ ಹಾಲು ತುಂಬುತ್ತಿತ್ತು. ಅದಕ್ಕೆ ಕೊನೆಯ ನೀರೆಂದು ತೂಬನ್ನು ಹಗಲೂ ರಾತ್ರಿ ಪೂರ್ತಿ ಎತ್ತಿಟ್ಟಿದ್ದರು. ಇನ್ನು ಒಂದೊಂದು ಬೆಳಗೂ ಮುಖ್ಯ, ಸರಿಯಾಗಿ ನೋಡಿ ಬಾ ಎಂದು ಅಜ್ಜ ನನಗೆ ಎರಡು ಸಲ ಹೇಳಿದ್ದರು.

ಮನೆಯಿಂದ ಏರಿಗೆ ಹೋಗುವ ದಾರಿಯಲ್ಲಿ ಒಂದು ಹೊಂಗೆ ತೋಪಿತ್ತು. ಏರಿಯಡಿಯಿಂದ ಬಸಿದ ನೀರು ಅಲ್ಲಿ ಮೊಣಕಾಲಾಳದ ಗುಂಡಿಯಾಗಿ ನಿಲ್ಲುತ್ತಿತ್ತು. ಆ ಬೆಳಿಗ್ಗೆ ನಾನು ಅಲ್ಲಿ ದಾಟುವಾಗ ಬಿಳಿಯದೊಂದು ಪಟ್ಟಿ ಮರಗಳ ನಡುವೆ ಅಲೆಯಲೆಯಾಗಿ ಹರಿದು ಹೋಯಿತು. ಯಾರದೋ ಲಂಗದ ದಾರ ಗಾಳಿಗೆ ಹಾರಿತೇನೋ ಎಂದುಕೊಂಡೆ. ಅದು ಕೊಂಬೆಯ ಮೇಲೆ ಕೂತಾಗ ಹಕ್ಕಿಯೆಂದು ತಿಳಿಯಿತು. ಕಪ್ಪು ತಲೆ, ಕಪ್ಪು ಜುಟ್ಟು, ಹಾಲಿನಂಥ ಮೈ, ಮೈಗಿಂತ ಉದ್ದನೆಯ ಎರಡು ಬಾಲದ ಗರಿ. ಹೂವಿಗೆ ಬಂದ ನೊಣವನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಕೊಂಬೆಗೆ ಬಂದು ಕೂರುತ್ತಿತ್ತು. ನಡುವೆ ಗುಂಡಿಯ ನೀರಿಗೆ ಎರಗಿ, ಎದೆ ತೋಯಿಸಿಕೊಂಡು, ಮೇಲೆದ್ದು ಬಾಲ ಒದರುತ್ತಿತ್ತು. ಅದಕ್ಕೆ ಬಾಲದಂಡೆ ಎಂಬ ಹೆಸರಿದೆಯೆಂದೂ, ಅದು ನೊಣಹಿಡುಕ ಹಕ್ಕಿಗಳ ಬಳಗದಂತೆಯೇ ಬೇಟೆಯಾಡುತ್ತದೆಯೆಂದೂ, ಬೇಸಿಗೆ ಬಲಿಯುವ ಮೊದಲು ನಮ್ಮ ಕಡೆಯಿಂದ ಹೊರಟುಹೋಗುತ್ತದೆಂದೂ ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ. ಆಗ ಹೊಂಗೆಯ ಬುಡದಲ್ಲಿ ಕೂತೆ, ಅಷ್ಟೆ. ಹೂವು ತಲೆಯ ಮೇಲೆ ಉದುರುತ್ತಿತ್ತು.

ಗದ್ದೆಯಿಂದ ಅಜ್ಜ ಕೂಗಿದಾಗ ಬಿಸಿಲು ಬಂದಿತ್ತು. ಬಿಸಿಲೇರಿದ ಮೇಲೆ ಬಕ ನೀರಿನಲ್ಲಿ ನಿಲ್ಲುವುದಿಲ್ಲ, ಮರ ಸೇರುತ್ತದೆ. ನಾನು ಏರಿ ಹತ್ತದೆ ನೇರ ಗದ್ದೆಗೆ ಓಡಿದೆ. “ನಿನ್ನೆ ಇದ್ದ ಜಾಗ್ದಾಗೇ ಐತೆ ಅಜ್ಜ, ಜೋಡಿ ಜಾಲಿ ಆಚೆಗೆ.”

ಮರುದಿನವೂ ಹಕ್ಕಿ ಬಂತು. ನಿನ್ನೆಯ ಸುಳ್ಳಿನಿಂದ ಏನೂ ಆಗಿರಲಿಲ್ಲವಾದ್ದರಿಂದ ಅಂದಿನದು ಸುಲಭವಾಯಿತು. ಮೂರನೆಯ ದಿನ ನೋಟ್‌ಬುಕ್ಕಿನಲ್ಲಿ ಮೂರು ಚುಕ್ಕೆಗಳನ್ನೂ ಒಟ್ಟಿಗೇ ಇಟ್ಟೆ.

ನಾಲ್ಕನೆಯ ಬೆಳಿಗ್ಗೆ ಅಜ್ಜ ಗದ್ದೆಯಲ್ಲಿ ಇರಲಿಲ್ಲ. ಏರಿಯ ಕೆಳಗೆ, ತೂಬಿನ ನೀರು ಕಾಲುವೆಗೆ ಬೀಳುವ ಕಡೆ, ತಲೆ ಒಂದು ಬದಿಗೆ ವಾಲಿಸಿಕೊಂಡು ನಿಂತಿದ್ದರು.

“ನೀರಿನ ಸದ್ದು ಬ್ಯಾರೆ ಆಗೈತಲ್ಲವ್ವಾ” ಎಂದರು. “ಸರಿಯಾಗಿ ನೋಡಿದ್ಯಾ?”

“ನೋಡ್ದೆ ಅಜ್ಜ.”

“ಆಚೆಗೇ ಐತಾ?”

“ಆಚೆಗೇ ಐತೆ.”

ಅವರು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ತಲೆ ಸವರಿ, “ನಿನ್ನ ಕಣ್ಣು ಎಳೆಗಣ್ಣು” ಎಂದು ಗದ್ದೆಯತ್ತ ಹೊರಟರು.

ಐದನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಪಕ್ಕದ ಮನೆಯ ಹಾಲಪ್ಪಮಾವ ಅಂಗಳದಲ್ಲಿ ನಿಂತು ಕೂಗುತ್ತಿದ್ದರು. ಅವರ ಎಮ್ಮೆಗಳು ನೀರು ಕುಡಿಯಲು ಹೋಗಿ ಕೆಸರಿನಲ್ಲಿ ಹೂತುಕೊಂಡಿದ್ದವು. ನಾವು ಹೋಗುವಷ್ಟರಲ್ಲಿ ಅರ್ಧ ಊರು ಏರಿಯ ಮೇಲಿತ್ತು. ಕೆರೆಯಲ್ಲಿ ಉಳಿದದ್ದು ತೂಬಿನ ಮುಂದಿನ ಒಂದು ಹೊಂಡ ಮಾತ್ರ. ಅದರಲ್ಲಿ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಜನ ಆಗಲೇ ಬುಟ್ಟಿ, ಬಕೆಟ್ಟು, ಹಳೆ ಸೀರೆ ಹಿಡಿದು ಇಳಿದಿದ್ದರು. ಅವರ ಗಲಾಟೆಗೆ ಒಂದು ಹಕ್ಕಿಯೂ ಹತ್ತಿರ ಬರುತ್ತಿರಲಿಲ್ಲ.

ಹಾಲಪ್ಪಮಾವ ಕೆಟ್ಟವರಲ್ಲ. ನನಗೆ ಕಡಲೆಕಾಯಿ ಸುಟ್ಟು ಕೊಡುತ್ತಿದ್ದವರು ಅವರೇ. ಆದರೆ ಅವರ ಒಂದು ಎಮ್ಮೆ ಇನ್ನೂ ಕೆಸರಿನಲ್ಲೇ ಇತ್ತು. ಅವರು ಅಜ್ಜನ ಎದುರು ಬಂದು ನಿಂತು, ಕೂಗುವುದನ್ನು ನಿಲ್ಲಿಸಿ, ಮೆಲ್ಲಗೆ ಕೇಳಿದರು.

“ಬಸಪ್ಪಣ್ಣ, ಜೋಡಿ ಜಾಲಿ ಮ್ಯಾಲೆ ಏನು ಕಾಣ್ತೈತೆ ಹೇಳು.”

ಅಜ್ಜ ಅತ್ತ ತಿರುಗಿದರು. ನಾನು ಅವರ ಪಕ್ಕದಲ್ಲೇ ಇದ್ದೆ. ಅವರ ಪಂಚೆಯ ಅಂಚು ನನ್ನ ಕೈಯಲ್ಲಿತ್ತು. ಎಳೆದು ಹೇಳಬಹುದಾಗಿತ್ತು. ಆ ಅಂಚನ್ನೇ ಮುಷ್ಟಿಗೆ ಸುತ್ತಿಕೊಂಡೆ.

“ಬೆಳ್ಳಕ್ಕಿ” ಎಂದರು ಅಜ್ಜ. ಅದರಲ್ಲಿ ಸಂಶಯವೇ ಇರಲಿಲ್ಲ.

ಗಾಳಿಗೆ ಚೀಲ ಪಟಪಟ ಬಡಿಯಿತು. ಹಿಂದೆ ಯಾರೋ ನಕ್ಕು, ಅರ್ಧಕ್ಕೆ ನಿಲ್ಲಿಸಿದರು. ಹಾಲಪ್ಪಮಾವ ತಲೆ ತಗ್ಗಿಸಿ, “ಮೊದಲೇ ಹೇಳಬಾರದಿತ್ತಾ ಅಣ್ಣಾ” ಎಂದರು. ಯಾವುದೋ ತಪ್ಪಾಯಿತೆಂದು ಅಜ್ಜನಿಗೆ ತಿಳಿದದ್ದು ಜನರ ಮೌನದಿಂದ. ಅವರ ಕೈ ನನ್ನ ಹೆಗಲನ್ನು ಹುಡುಕಿತು, ಸಿಕ್ಕಿದ ಮೇಲೆ ಅಲ್ಲೇ ನಿಂತಿತು.

ದಿನಾ ಬಕ ನೋಡುತ್ತಿದ್ದವರು ಯಾರು ಎಂದು ಒಬ್ಬರು ಕೇಳಿದರು.

“ನಾನೇ ನೋಡ್ತಿದ್ದೆ” ಎಂದರು ಅಜ್ಜ. “ನೋಡಾಕೆ ಆಗ್ತಿರಲಿಲ್ಲ, ನೋಡ್ತೀನಿ ಅಂತಿದ್ದೆ. ತಪ್ಪು ನಂದು.”

ಅಂದು ಮಧ್ಯಾಹ್ನ ಅವರೇ ಸಲಾಕೆಯನ್ನು ಹೆಗಲಿಗೇರಿಸಿಕೊಂಡು ಹೋಗಿ ಹಾಲಪ್ಪಮಾವನ ಜಗಲಿಯ ಮೇಲಿಟ್ಟು ಬಂದರು. ಯಾರಾದರೂ ಬಂದು ಕೇಳುವವರೆಗೆ ಕಾಯುವುದು ಅವರಿಗೆ ಬೇಡವಾಗಿತ್ತು. ಬಾಗಿಲ ಹಿಂದಿನ ಗೋಡೆಯಲ್ಲಿ ತುಕ್ಕಿನ ಒಂದು ಗೆರೆ ಉಳಿಯಿತು. ಅಜ್ಜಿ ಯಾರನ್ನೂ ಬಯ್ಯಲಿಲ್ಲ. ಆ ಸಂಜೆ ಊರಿಡೀ ಮೀನು ಹುರಿಯುವ ವಾಸನೆ. ನಮ್ಮ ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು.

ನಾನು ಜಗಲಿಯಲ್ಲಿ ಅಜ್ಜನ ಹತ್ತಿರ ಹೋಗಿ ಕೂತೆ. ಹೇಳಬೇಕೆಂದೇ ಹೋಗಿದ್ದೆ. ಅವರೇ ಮೊದಲು ಕೇಳಿದರು.

“ಹೊಂಗೆ ತೋಪಿನಾಗೆ ಏನಿತ್ತವ್ವಾ?”

ನಾನು ಮೊಣಕಾಲಿಗೆ ಮುಖ ಒತ್ತಿದೆ.

“ತಲೆ ಸವರಿದಾಗ ಹೂವು ಕೈಗೆ ಸಿಗ್ತಿತ್ತು. ತೋಪಿನಾಗೆ ಕುಂತು ಬಂದೀಯ ಅಂತ ಗೊತ್ತಿತ್ತು. ಏರಿನೂ ಹತ್ತಿರ್ತೀಯ ಅಂದ್ಕೊಂಡೆ.”

ಅಳುತ್ತಲೇ ಹಕ್ಕಿಯ ವಿಷಯ ಹೇಳಿದೆ. ಅವರು ಬಯ್ಯುತ್ತಾರೆಂದು ಕಾದೆ. ಅವರು ಕೇಳಿದ್ದು, “ಬಾಲ ಎಷ್ಟುದ್ದ ಐತೆ?” ಎಂದು. ನಾನು ಎರಡು ಕೈ ಅಗಲಿಸಿ ತೋರಿಸಿದೆ. ತೋರಿಸಿದ ಮೇಲೆ ನೆನಪಾಯಿತು. ಅವರ ಕೈ ಹಿಡಿದು ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳೆಳೆದು, ಇಷ್ಟು ಅಜ್ಜ, ಎಂದೆ. ಇನ್ನೊಂದು ಸಲ ಎಳೆ ಎಂದರು. ಎಳೆದೆ.

ಬಕಗಳ ಚುಕ್ಕೆಯಿದ್ದ ಆ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ. ಆಮೇಲೆ ದಾವಣಗೆರೆಯಲ್ಲಿ ಅಜ್ಜನ ಕಣ್ಣು ತೋರಿಸಿದರು, ತಡವಾಗಿದೆ ಎಂದರು. ಎರಡು ವರ್ಷಕ್ಕೆ ಅವರು ಹೋದರು. ಅಷ್ಟರಲ್ಲಿ ಏರಿಯ ಉದ್ದಕ್ಕೂ ಮೋಟರುಗಳು ಬಂದಿದ್ದವು. ಯಾರಿಗೆ ಬೇಕೋ ಅವರು ಪೈಪು ಇಳಿಸಿ ನೀರೆತ್ತುತ್ತಿದ್ದರು. ನೀರಗಂಟಿ ಎಂಬ ಕೆಲಸವೇ ಇಲ್ಲವಾದ ಮೇಲೆ ಹಾಲಪ್ಪಮಾವನ ಮನೆಯ ಸಲಾಕೆ ಏನಾಯಿತೋ ಗೊತ್ತಿಲ್ಲ. ಹೂಳೆತ್ತುವಾಗ ಜೋಡಿ ಜಾಲಿಯನ್ನು ಕಡಿದರು. ಯಾವ ನೀರನ್ನು ಮುಟ್ಟಬಾರದು ಎಂದು ಹೇಳಲು ಈಗ ಆ ಕೆರೆಗೆ ಮರವೂ ಇಲ್ಲ, ಮನುಷ್ಯರೂ ಇಲ್ಲ.

ನಾನಿರುವುದು ಈಗ ಹೊನ್ನಾಳಿಯಲ್ಲಿ. ಬೆಳಿಗ್ಗೆ ಹೊಳೆದಂಡೆಗೆ ಹೋಗುತ್ತೇನೆ. ಹಕ್ಕಿ ನೋಡುವವರದೊಂದು ಗುಂಪು ನನ್ನ ಫೋನಿನಲ್ಲಿದೆ; ಎಲ್ಲಿ ಏನು ಕಂಡಿತು ಎಂದು ಅಲ್ಲಿ ಬರೆಯುತ್ತಾರೆ. ಈ ವಸಂತದಲ್ಲಿ ನ್ಯಾಮತಿ ಕಡೆಯವರೊಬ್ಬರು ಸೂರಗೊಂಡನಕೊಪ್ಪದ ಹತ್ತಿರ ಕಂಡ ಬಾಲದಂಡೆಯ ಚಿತ್ರ ಹಾಕಿದ್ದರು. ಎಲ್ಲರೂ ಸಂತೋಷಪಟ್ಟು ಬರೆದರು. ನಾನು ಚಿತ್ರವನ್ನು ದೊಡ್ಡದು ಮಾಡಿ ಬಾಲವನ್ನು ನೋಡಿ, ಫೋನು ಮುಚ್ಚಿಟ್ಟೆ. ನಾನು ಬರೆಯುವುದು ಕಡಿಮೆ. ಹೊಳೆಯಲ್ಲಿ ನಾಲ್ಕು ಬಕ ಕಂಡರೆ ನಾಲ್ಕು ಎನ್ನುತ್ತೇನೆ. ದೂರದ್ದು ಹಕ್ಕಿಯೋ ಚೀಲವೋ ತಿಳಿಯದಿದ್ದರೆ ಹತ್ತಿರ ಹೋಗುತ್ತೇನೆ, ಹೋಗಲಾಗದಿದ್ದರೆ ಬರೆಯುವುದಿಲ್ಲ. ಇಷ್ಟೊಂದು ಬಿಗಿ ಯಾಕೆ ಎಂದು ಗೆಳತಿಯೊಬ್ಬಳು ಕೇಳಿದ್ದಳು. ನನ್ನ ಮಾತಿನಿಂದ ಹೊರಗಿನದನ್ನೆಲ್ಲ ಕಾಣುತ್ತಿದ್ದವರು ಒಬ್ಬರಿದ್ದರು ಎಂದು ಅವಳಿಗೆ ಹೇಳಲಿಲ್ಲ. ಹಾಗೆ ಕಾಣುವವರು ಈಗ ಯಾರೂ ಇಲ್ಲ.

ಅಜ್ಜನ ಕೈಯಿಂದ ಸಲಾಕೆ ಹೋದ ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಹೊಂಗೆ ತೋಪಿನಲ್ಲಿ ಸದ್ದಾಯಿತು, ತಲೆ ಎತ್ತಲಿಲ್ಲ. ಏರಿ ಹತ್ತಿ ಆಚೆ ಇಳಿದು ಬತ್ತಿದ ಕೆರೆಯೊಳಗೆ ನಡೆದೆ. ಮೊದಮೊದಲು ಕಾಲು ಹೂತುಹೋಗುತ್ತಿತ್ತು, ಮುಂದೆ ಮಣ್ಣು ಗಟ್ಟಿಯಾಗಿತ್ತು. ಜೋಡಿ ಜಾಲಿಯ ಈಚೆಗೆ ಬಕದ ಹೆಜ್ಜೆಗಳಿದ್ದವು, ಮುಂದೆ ಮೂರು ಬೆರಳು, ಹಿಂದೆ ಒಂದು. ಎರಡು ಮೂರು ದಿನದ ಬಿಸಿಲಿಗೆ ಅವುಗಳ ಅಂಚು ಒಣಗಿ ಬಿರುಕು ಬಿಟ್ಟಿತ್ತು. ಏರಿಯ ಮೇಲಿನಿಂದ ನಾನು ನೋಡಬೇಕಾಗಿದ್ದದ್ದು ಅದು. ಮರ ಹತ್ತಿ ಚೀಲವನ್ನು ಬಿಡಿಸಿದೆ. ಜಾಲಿಮುಳ್ಳಿಗೆ ಕೈ ಗೀರಿತು. ಮನೆಗೆ ಬಂದು, ಜಗಲಿಯಲ್ಲಿ ಮಾಡಲು ಕೆಲಸವಿಲ್ಲದೆ ಕೂತಿದ್ದ ಅಜ್ಜನ ತೊಡೆಯ ಮೇಲೆ ಅದನ್ನಿಟ್ಟು, ಅವರ ಬೆರಳುಗಳು ಅದರ ಮೇಲೆ ಸರಿದು ಅದೇನೆಂದು ತಿಳಿಯುವವರೆಗೂ ಎದುರಿಗೇ ನಿಂತಿದ್ದೆ.